ಡಾಕ್ಟರನ್ನು ಕೇಳಲು ಸಂಕೋಚವೇಕೆ?

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೀರಿ. ಸೀರೆ ಕೊಳ್ಳುವಾಗ ಹತ್ತು ಸೀರೆ ಬಿಚ್ಚಿಸಿ, ಬಣ್ಣ ಬಿಡುತ್ತದೆಯೇ ಎಂದು ಎರಡೆರಡು ಸಲ ಕೇಳುತ್ತೀರಿ. ಆದರೆ ಆಸ್ಪತ್ರೆಯ ಹೊಸಿಲು ದಾಟಿದೊಡನೆ ಬಾಯಿಗೆ ಬೀಗ ಬೀಳುತ್ತದೆ, ಅಲ್ಲವೇ? ಡಾಕ್ಟರು ನಿಮ್ಮನ್ನು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿದ್ದ ಯಜಮಾನರು ಉತ್ತರ ಕೊಡುತ್ತಾರೆ, ಇಲ್ಲವೇ ಅತ್ತೆಯವರು. ಹೊರಗೆ ಬಂದಮೇಲೆ ಯಾರಾದರೂ "ಏನಂತೆ?" ಎಂದರೆ, "ಏನೋಪ್ಪ, ಮಾತ್ರೆ ಕೊಟ್ಟಿದ್ದಾರೆ" ಎನ್ನುವಷ್ಟೇ ನಿಮಗೆ ಗೊತ್ತು.

"ಅವರು ಓದಿದವರು, ಅವರಿಗೆ ಗೊತ್ತಿರಲ್ವೇ? ಕೇಳಿದ್ರೆ ಸಿಟ್ಟು ಮಾಡ್ಕೊಂಡಾರು" ಎನ್ನುತ್ತೀರಾ? ವೈದ್ಯರ ವಿದ್ಯೆಗೆ ಗೌರವ ಸಲ್ಲಲೇಬೇಕು. ಆದರೆ ಶರೀರ ನಿಮ್ಮದು. ಅದಕ್ಕೆ ಏನು ಮಾಡುತ್ತಾರೆಂದು ಕೇಳಿ ತಿಳಿಯುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.

ಸುಪ್ರೀಂ ಕೋರ್ಟು ಹೇಳಿದ್ದೇನು?

1995ರಲ್ಲಿ ದೆಹಲಿಯಲ್ಲಿ ನಡೆದದ್ದನ್ನು ಕೇಳಿ. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ತೊಂದರೆಗೆಂದು ವೈದ್ಯರ ಬಳಿ ಹೋದರು. ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ನೋಡುವ ಲ್ಯಾಪರೊಸ್ಕೋಪಿ ಪರೀಕ್ಷೆಗೆ ಒಪ್ಪಿ ಸಹಿ ಹಾಕಿದರು. ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗೆ ಕಾದಿದ್ದ ತಾಯಿಯ ಸಹಿ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಎಚ್ಚರವಾದಾಗ ಆಕೆಗೆ ಏನನ್ನಿಸಿರಬೇಕು, ನೀವೇ ಯೋಚಿಸಿ!

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2008ರ ಜನವರಿ 16ರಂದು ಬಂದ ತೀರ್ಪು ಸ್ಪಷ್ಟವಾಗಿತ್ತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ. ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಣ್ಣಿನ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು. "ರೋಗಿಯ ಒಳ್ಳೆಯದಕ್ಕೇ ಮಾಡಿದೆವು" ಎಂಬ ಸಮಜಾಯಿಷಿಯೂ ಸಾಲದು. ಹಾಗೆಂದು ಪ್ರಾಣಕ್ಕೆ ಅಪಾಯವಿದ್ದು, ಎಚ್ಚರವಾಗುವವರೆಗೆ ಕಾಯುವಂತಿಲ್ಲದಿದ್ದರೆ ಮಾತು ಬೇರೆ. ಆಗ ಜೀವ ಉಳಿಸುವುದೇ ಮೊದಲು.

ಗಂಡನ ಸಹಿಯೋ ಅಣ್ಣನ ಸಹಿಯೋ ಬಿದ್ದರೆ ಸಾಕು ಎಂದುಕೊಂಡಿರುವ ನಮ್ಮ ಮನೆಗಳಲ್ಲಿ ಈ ತೀರ್ಪಿನ ವಿಷಯ ಎಲ್ಲರಿಗೂ ಗೊತ್ತಿರಬೇಡವೇ?

ನಿಮ್ಮ ಮಾತೂ ಚಿಕಿತ್ಸೆಯ ಭಾಗ

ಇದು ಬರೀ ಕಾನೂನಿನ ಮಾತಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಅಚಾತುರ್ಯವಾಗದಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಹೊರತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಆ ಪಟ್ಟಿ ಶುರುವಾಗುವುದು ಎಲ್ಲಿಂದ ಗೊತ್ತೇ? ಅರಿವಳಿಕೆ ಕೊಡುವ ಮೊದಲು ರೋಗಿಯಿಂದಲೇ ಖಚಿತ ಮಾಡಿಕೊಳ್ಳುವುದರಿಂದ: ಹೆಸರೇನು, ಯಾವ ಆಪರೇಷನ್, ಯಾವ ಕಡೆ, ಒಪ್ಪಿಗೆ ಉಂಟೇ ಎಂದು! ಆದ್ದರಿಂದ "ನಿಮ್ಮ ಹೆಸರೇನಮ್ಮ?" ಎಂದು ಮೂರನೆಯ ಸಲ ಕೇಳಿದರೆ ಬೇಸರಿಸಬೇಡಿ. ಕೇಳದಿದ್ದರೆ ನೀವೇ ಹೇಳಿ.

ನೆನಪಿಡಬೇಕಾದ್ದು

* ಹೋಗುವ ಮುನ್ನ ಚೀಟಿ ಬರೆದಿಟ್ಟುಕೊಳ್ಳಿ: ಈಗ ನುಂಗುತ್ತಿರುವ ಮಾತ್ರೆಗಳು, ನಾಟಿ ಔಷಧಿ, ಕಷಾಯ, ಎಲ್ಲವೂ ಅದರಲ್ಲಿರಲಿ. ಯಾವ ಔಷಧಿ ಮೈಗೆ ಆಗಿಬರುವುದಿಲ್ಲ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಬಸುರಿ ಇರಬಹುದೆಂಬ ಅನುಮಾನವಿದ್ದರೆ ನಾಚಿಕೆ ಬಿಟ್ಟು ಹೇಳಿ.

* ಐದು ಪ್ರಶ್ನೆ ಕೇಳಿ: ನನಗೆ ಏನಾಗಿದೆ? ಈ ಚಿಕಿತ್ಸೆ ಏಕೆ? ಬೇರೆ ದಾರಿ ಉಂಟೇ? ಇದರಿಂದ ಏನು ತೊಂದರೆ ಆಗಬಹುದು? ಮಾಡಿಸದಿದ್ದರೆ ಏನಾದೀತು?

* ಖಾಲಿ ಫಾರಮ್ಮಿಗೆ ಸಹಿ ಹಾಕಕೂಡದು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ.

* ಇಂಜೆಕ್ಷನ್ ಚುಚ್ಚುವ ಮೊದಲು "ಇದು ಯಾವುದಕ್ಕೆ ಸಿಸ್ಟರ್?" ಎಂದು ಕೇಳಿ. ಮುಟ್ಟುವ ಮುಂಚೆ ಕೈ ತೊಳೆದಿರಾ ಎಂದು ನಗುನಗುತ್ತಾ ಕೇಳಿದರೂ ತಪ್ಪಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಎಲ್ಲರಿಂದಲೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಎರಡರಷ್ಟಕ್ಕೆ ಇಳಿಯಿತು.

* ಹೆರಿಗೆಗೆ ಒಂಟಿಯಾಗಿ ಒಳಗೆ ಹೋಗಬೇಕೆಂದು ಹೆದರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ಬಂಧುವಾದ ಹೆಂಗಸೊಬ್ಬರು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕೊಟ್ಟಿದೆ.

* ಮನೆಗೆ ಹೊರಡುವಾಗ ಯಾವ ಮಾತ್ರೆ ಎಷ್ಟು ದಿನ, ಏನಾದರೆ ತಕ್ಷಣ ವಾಪಸು ಬರಬೇಕು ಎಂದು ಕೇಳಿ, ನೀವೇ ಒಮ್ಮೆ ತಿರುಗಿ ಒಪ್ಪಿಸಿ. ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ.

"ಹೊರಗೆ ನೂರು ಜನ ಕಾದಿರುವಾಗ ಡಾಕ್ಟರಿಗೆ ಇಷ್ಟೆಲ್ಲಾ ಹೇಳಲು ಪುರುಸೊತ್ತೆಲ್ಲಿ?" ಎನ್ನಬಹುದು. ನಿಜ. ಅದಕ್ಕೇ ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಎರಡು ನಿಮಿಷ ಸಾಕು. ದನಿ ಮೃದುವಾಗಿರಲಿ, ಪ್ರಶ್ನೆ ಮಾತ್ರ ನೇರವಾಗಿರಲಿ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ರೋಗಿ ಬಾಯಿ ಬಿಟ್ಟು ಹೇಳಿದರೆ ಅವರ ಕೆಲಸವೂ ಹಗುರವಾಗುತ್ತದೆ.

ಮನೆಯವರಿಗೆಲ್ಲ ಹೊತ್ತು ಹೊತ್ತಿಗೆ ಔಷಧಿ ಕೊಟ್ಟು ಕಾಯುವವರು ನೀವು. ನಿಮ್ಮ ಸರದಿ ಬಂದಾಗ, ನಿಮ್ಮ ಪರವಾಗಿ ನೀವೇ ಮಾತನಾಡಿ.