ವಾದದೊಳಗೆ ವಾಕ್ಯದ ಸ್ಥಾನ

ಒಂದು ವಾಕ್ಯವು ಸತ್ಯವೋ ಅಸತ್ಯವೋ ಎಂದು ವಿಚಾರಿಸುವುದು ಒಂದು ಕೆಲಸ. ಅದು ತಾನು ಸೇರಿಕೊಂಡ ವಾದದಲ್ಲಿ ಯಾವ ಕಾರ್ಯವನ್ನು ನಿರ್ವಹಿಸುತ್ತಿದೆಯೆಂದು ಗುರುತಿಸುವುದು ಮತ್ತೊಂದು. ಮೊದಲನೆಯದಕ್ಕೆ ತ್ವರೆಪಡುವ ನಾವು ಎರಡನೆಯದನ್ನು ಬಹುಮಟ್ಟಿಗೆ ಉಪೇಕ್ಷಿಸುವುದರಿಂದಲೇ, ಖಂಡಿಸಲೆಂದು ಒಬ್ಬನು ಎತ್ತಿಕೊಂಡ ಪೂರ್ವಪಕ್ಷವನ್ನು ಅವನ ಸಿದ್ಧಾಂತವೆಂದೂ, ಫಲವಾಗಿ ಬಂದದ್ದನ್ನು ಪ್ರಮಾಣವೆಂದೂ ಭ್ರಮಿಸಿ ವ್ಯರ್ಥವಾಗಿ ಕಲಹಿಸುತ್ತೇವೆ.

ನಮ್ಮ ನೈಯಾಯಿಕರು ಈ ಭೇದವನ್ನು ಸೂಕ್ಷ್ಮವಾಗಿ ಕಂಡಿದ್ದರು. ಗೌತಮನ ನ್ಯಾಯಸೂತ್ರವು ವಾದಕ್ಕೆ 5 ಅವಯವಗಳನ್ನು ವಿಧಿಸುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಬೆಟ್ಟವೂ ಅಂತಹ ಹೊಗೆಯುಳ್ಳದ್ದು ಎಂಬುದು ಉಪನಯ. ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ನಿಗಮನ. ಮೊದಲನೆಯದೂ ಕಡೆಯದೂ ಹೇಳುವ ವಿಷಯ ಒಂದೇ. ಆದರೆ ಪ್ರತಿಜ್ಞೆಯಲ್ಲಿ ಅದು ಸಾಧಿಸಬೇಕಾದದ್ದು, ನಿಗಮನದಲ್ಲಿ ಸಿದ್ಧವಾದದ್ದು. ವಾಕ್ಯದ ಪಾತ್ರವು ಅದರ ಅರ್ಥದಿಂದ ಮಾತ್ರವಲ್ಲದೆ, ಉಳಿದ ವಾಕ್ಯಗಳೊಡನೆ ಅದಕ್ಕಿರುವ ಸಂಬಂಧದಿಂದ ನಿರ್ಣೀತವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಸಾಕ್ಷ್ಯ ಬೇಕಿಲ್ಲ.

ವಿಜ್ಞಾನದ ಚರಿತ್ರೆಯಲ್ಲಿಯೂ ಇದನ್ನು ಪರೀಕ್ಷಿಸಬಹುದು. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಭೀಕರವಾಗಿ ಹಬ್ಬಿ, 10 ದಿನಗಳಲ್ಲಿ 500ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ದುರ್ವಾಯುವೇ ರೋಗಕಾರಣವೆಂಬ ನಂಬಿಕೆ ಪ್ರಬಲವಾಗಿದ್ದ ಆ ಕಾಲದಲ್ಲಿ, ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ರೋಗವನ್ನು ಹರಡಿತೆಂದು ಪ್ರತಿಪಾದಿಸಿದನು. ಸಮೀಪದ ನಿರ್ಗತಿಕರ ಆಶ್ರಯಶಾಲೆಯ 535 ಮಂದಿಯಲ್ಲಿ ಸತ್ತವರು 5 ಮಂದಿ ಮಾತ್ರ. ಇದನ್ನು ಒಂಟಿಯಾಗಿ ನೋಡಿದವನಿಗೆ ಅದು ಸ್ನೋವಿನ ಮತಕ್ಕೆ ಬಾಧಕವಾಗಿ ತೋರುವುದು ಸಹಜ. ಆದರೆ ಆ ಶಾಲೆಗೆ ತನ್ನದೇ ಬಾವಿಯಿತ್ತು, ಅಲ್ಲಿಯವರು ಆ ಪಂಪಿನ ನೀರನ್ನು ತರಿಸುತ್ತಿರಲಿಲ್ಲ ಎಂಬ ಸಂಗತಿಯೊಡನೆ ಕೂಡಿದೊಡನೆಯೇ ಆಕ್ಷೇಪವಾಗಿದ್ದುದು ಸಾಧಕವಾಯಿತು. ಸುತ್ತಲಿನ ಗಾಳಿಯನ್ನೇ ಉಸಿರಾಡಿದ ಅವರು ಉಳಿದರೆಂಬುದರಿಂದ ದುರ್ವಾಯುವಾದಕ್ಕೇ ಪೆಟ್ಟು ಬಿದ್ದಿತು. ಅಂತೆಯೇ ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಸತ್ತ ವೃದ್ಧೆಯು ನಿಯಮಕ್ಕೆ ಅಪವಾದದಂತೆ ಕಂಡರೂ, ಆಕೆಗೆ ಅದೇ ಪಂಪಿನ ನೀರು ನಿತ್ಯ ಗಾಡಿಯಲ್ಲಿ ಹೋಗುತ್ತಿತ್ತೆಂದು ತಿಳಿದಾಗ ಬಲವತ್ತರವಾದ ಸಾಕ್ಷಿಯಾದಳು.

ಹಾಗಾದರೆ ವಾಕ್ಯದ ಪಾತ್ರವನ್ನು ತಿಳಿಯುವ ಬಗೆ ಹೇಗೆ? ಏಕೆಂದರೆ, ಆದುದರಿಂದ, ಆದರೂ ಎಂಬ ಪದಗಳು ಸೂಚನೆ ಕೊಡುತ್ತವೆ. ಅವು ಇಲ್ಲದೆಡೆ, ಈ ವಾಕ್ಯವನ್ನು ತೆಗೆದುಹಾಕಿದರೆ ಯಾವುದು ಕುಸಿಯುತ್ತದೆ, ಇದನ್ನು ಯಾವುದು ಎತ್ತಿಹಿಡಿದಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಬೇಕು. ಪಂಪಿನ ಹಿಡಿಕೆಯನ್ನು ಸೆಪ್ಟೆಂಬರ್ 8ರಂದು ಕಳಚಲಾಯಿತೆಂಬ ಪ್ರಸಿದ್ಧ ಸಂಗತಿಯನ್ನೇ ಈ ಪರೀಕ್ಷೆಗೆ ಒಡ್ಡಿರಿ. ಜನರು ಊರುಬಿಟ್ಟು ಓಡಿದ್ದರಿಂದ ರೋಗವು ಮೊದಲೇ ಇಳಿಮುಖವಾಗಿತ್ತೆಂದು ಸ್ನೋ ತಾನೇ ಒಪ್ಪಿಕೊಂಡನು. ಹಿಡಿಕೆ ಕಳಚಿದ ಮಾತನ್ನು ಬಿಟ್ಟರೂ ಅವನ ವಾದ ಅಚಲವಾಗಿ ನಿಲ್ಲುತ್ತದೆ. ಆಶ್ರಯಶಾಲೆಯ ಬಾವಿಯನ್ನು ಬಿಟ್ಟರೆ ಬಲ ಕುಗ್ಗುತ್ತದೆ. ಮೊದಲನೆಯದು ವಾದದಿಂದ ಹೊರಟ ಕಾರ್ಯ, ಎರಡನೆಯದು ವಾದದ ಆಧಾರ. ಹಿಡಿಕೆಯ ಕಥೆಯನ್ನು ಅಲ್ಲಗಳೆದು ಸ್ನೋವನ್ನು ಗೆದ್ದೆನೆಂದು ಹಿಗ್ಗುವವನು ಅವನ ವಾದವನ್ನು ಮುಟ್ಟಿಯೇ ಇಲ್ಲ. ಅದೇ ಕಥೆಯನ್ನು ನೆಚ್ಚಿ ಸ್ನೋವನ್ನು ಕೊಂಡಾಡುವವನೂ ಅದನ್ನು ಅರಿತಿಲ್ಲ.