ಜೇಬಿನ ಸಂಗೀತಯಂತ್ರದ ಜೀರ್ಣೋದ್ಧಾರ

ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಅದು ಹೊಸದರಂತೆಯೇ ಹೊಳೆಯುತ್ತದೆ. ಆದರೆ ಒಳಗಿನ ಕಲಾಯಿ ಹೋಗಿದ್ದರೆ ಆ ಹೊಳಪಿನಿಂದ ಏನು ಪ್ರಯೋಜನ? ಅದರಲ್ಲಿ ಮಾಡಿದ ಹುಳಿ ಕಿಲುಬುವುದು ತಪ್ಪುವುದಿಲ್ಲ. ಹೊರಗೆ ತಿಕ್ಕಿದ ಪಾತ್ರೆ ಬೇರೆ, ಒಳಗೆ ಕಲಾಯಿ ಹಾಕಿಸಿದ ಪಾತ್ರೆ ಬೇರೆ. ದೂರದಿಂದ ನೋಡುವವರಿಗೆ ಮಾತ್ರ ಎರಡೂ ಒಂದೇ. ಹಳೆಯ ಯಂತ್ರಗಳನ್ನು ‘ರೀಫರ್ಬಿಷ್ಡ್’, ಅಂದರೆ ಜೀರ್ಣೋದ್ಧಾರ ಮಾಡಿದ್ದು, ಎಂಬ ಚೀಟಿ ಹಚ್ಚಿ ಅಗ್ಗದ ಬೆಲೆಗೆ ಮಾರುವ ವ್ಯಾಪಾರದಲ್ಲಿಯೂ ಈ ಎರಡು ಬಗೆಯ ಸರಕುಗಳು ಒಟ್ಟಿಗೆ ಬೆರೆತಿರುತ್ತವೆ. ಇವುಗಳಲ್ಲಿ ಯಾವುದು ಯಾವುದೆಂದು ಗುರುತಿಸಲು ವ್ಯಾಪಾರದ ಚಾತುರ್ಯಕ್ಕಿಂತ ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ರಸಾಯನವಿಜ್ಞಾನಗಳೇ ಹೆಚ್ಚು ಸಹಾಯಕವಾಗುತ್ತವೆ. ಇದಕ್ಕೆ ಉದಾಹರಣೆಯಾಗಿ ಐಪಾಡ್ ಎಂಬ ಜೇಬಿನ ಸಂಗೀತಯಂತ್ರವನ್ನು ತೆಗೆದುಕೊಳ್ಳೋಣ.

ಮೊಬೈಲ್ ಫೋನಿನಲ್ಲಿಯೇ ಹಾಡು ಕೇಳಬಹುದಾದ ಈ ಕಾಲದಲ್ಲಿ ಅದಕ್ಕೆಂದೇ ಬೇರೊಂದು ಯಂತ್ರವೇಕೆ ಎಂದು ಕೆಲವರು ಕೇಳಬಹುದು. ಕರೆಗಳ ಮತ್ತು ಸಂದೇಶಗಳ ಕಾಟವಿಲ್ಲದೆ, ಜಾಲದ ಹಂಗಿಲ್ಲದೆ, ಒಂದು ರಾಗವನ್ನು ಆಲಾಪನೆಯಿಂದ ಕೊನೆಯವರೆಗೂ ಕೇಳಬೇಕೆನ್ನುವವರು ಇಂದಿಗೂ ಉಂಟು. ಆಪಲ್ ಸಂಸ್ಥೆಯು ಮೊದಲನೆಯ ಐಪಾಡನ್ನು 2001ನೆಯ ಅಕ್ಟೋಬರಿನಲ್ಲಿ ಪ್ರಕಟಿಸಿತು. ಆಗ ಅದರ ಬೆಲೆ 399 ಡಾಲರು. ದೊಡ್ಡ ಸಂಗ್ರಹವುಳ್ಳ ‘ಕ್ಲಾಸಿಕ್’ ಎಂಬ ಮಾದರಿಯ ಮಾರಾಟ 2014ರಲ್ಲಿ ನಿಂತಿತು. ಕೊನೆಯ ಮಾದರಿಯಾದ ‘ಟಚ್’ 2022ರಲ್ಲಿ ನಿಂತಿತು. ಇವು ತಯಾರಾಗುತ್ತಿದ್ದ ಕಾಲದಲ್ಲಿ ಆ ಸಂಸ್ಥೆಯೇ, ತನಗೆ ಹಿಂದಿರುಗಿ ಬಂದ ಯಂತ್ರಗಳನ್ನು ಪರೀಕ್ಷಿಸಿ ಸರಿಪಡಿಸಿ, ಒಂದು ವರ್ಷದ ಖಾತರಿಯೊಡನೆ ಕಡಿಮೆ ಬೆಲೆಗೆ ಮಾರುತ್ತಿತ್ತು. ಇಂದು ದೊರೆಯುವ ಜೀರ್ಣೋದ್ಧಾರದ ಐಪಾಡುಗಳು ಬಹುಮಟ್ಟಿಗೆ ಬೇರೆ ವ್ಯಾಪಾರಿಗಳ ಕೈಯಿಂದ ಬರತಕ್ಕವು. ಆದುದರಿಂದ ಪರೀಕ್ಷೆಯ ಹೊಣೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಯಂತ್ರದ ಒಳಗೆ ಏನಿದೆ ಎಂಬುದನ್ನು ಮೊದಲು ನೋಡೋಣ. ಸಂಗೀತದ ಅಡಕಮುದ್ರಿಕೆಯಲ್ಲಿ ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ದ್ವಿಮಾನ ಅಂಕಗಳಲ್ಲಿ ಬರೆದಿರುತ್ತಾರೆ. ಎಡ ಕಿವಿಗೆ ಒಂದು, ಬಲ ಕಿವಿಗೆ ಒಂದು ಎಂದು ಎರಡು ವಾಹಿನಿಗಳಿರುವುದರಿಂದ ಸೆಕೆಂಡಿಗೆ 14,11,200 ಅಂಕಗಳಾಗುತ್ತವೆ. ನಮ್ಮ ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟು ಬರೆಯುವ ಎಂಪಿ3 ಎಂಬ ವಿಧಾನದಲ್ಲಿ ಇದನ್ನು 1,60,000 ಅಂಕಗಳಿಗೆ ಇಳಿಸಬಹುದು. ಆಗ ನಾಲ್ಕು ನಿಮಿಷಗಳ ಹಾಡಿಗೆ ಸುಮಾರು 48 ಲಕ್ಷ ಬೈಟುಗಳು ಸಾಕು. ಮೊದಲನೆಯ ಐಪಾಡಿನಲ್ಲಿ 500 ಕೋಟಿ ಬೈಟುಗಳಿಗೆ ಸ್ಥಳವಿತ್ತು. ಭಾಗಿಸಿ ನೋಡಿದರೆ ಅದರಲ್ಲಿ ಸಾವಿರ ಹಾಡುಗಳು ಹೇಗೆ ಹಿಡಿದುವೆಂಬುದು ತಿಳಿಯುತ್ತದೆ.

ಈ ಅಂಕಗಳನ್ನು ಇಡಲು ಒಂದು ಭಂಡಾರ, ಅವುಗಳನ್ನು ಮರಳಿ ಧ್ವನಿಯ ಅಲೆಯನ್ನಾಗಿ ಮಾಡಲು ಒಂದು ವಿದ್ಯುನ್ಮಂಡಲ, ಇವೆರಡಕ್ಕೂ ಶಕ್ತಿಯನ್ನು ಒದಗಿಸಲು ಒಂದು ಬ್ಯಾಟರಿ; ಯಂತ್ರದ ಮುಖ್ಯ ಭಾಗಗಳು ಇವು ಮೂರೇ. ನಾವು ನೆನಪಿಡಬೇಕಾದ ಸಂಗತಿಯೇನೆಂದರೆ, ಈ ಮೂರಕ್ಕೂ ಮುಪ್ಪು ಒಂದೇ ವೇಗದಲ್ಲಿ ಬರುವುದಿಲ್ಲ. ಯಂತ್ರಕ್ಕೆ ಹತ್ತು ವರ್ಷ ವಯಸ್ಸಾಯಿತು ಎಂಬ ಮಾತಿಗೆ ಅರ್ಥ ಕಡಿಮೆ. ಯಾವ ಭಾಗಕ್ಕೆ ಎಷ್ಟು ವಯಸ್ಸಾಯಿತು ಎಂದು ಕೇಳಬೇಕು.

ವಿದ್ಯುನ್ಮಂಡಲದಲ್ಲಿರುವ ಟ್ರಾನ್ಸಿಸ್ಟರುಗಳಲ್ಲಿ ಚಲಿಸುವ ಅಂಗಗಳಿಲ್ಲ. ತೇವ, ಅತಿಯಾದ ಶಾಖ, ಪೆಟ್ಟು ಇವುಗಳಿಂದ ಕಾಪಾಡಿದರೆ ಅವು ದಶಕಗಳವರೆಗೆ ಕೆಲಸಮಾಡಬಲ್ಲುವು. ಇಲ್ಲಿ ಸವೆಯುವುದು ಇಯರ್‌ಫೋನನ್ನು ಸಿಕ್ಕಿಸುವ ತೂತು ಮತ್ತು ಗುಂಡಿಗಳು. ಇಯರ್‌ಫೋನನ್ನು ಸಿಕ್ಕಿಸಿ ಮೆಲ್ಲನೆ ತಿರುಗಿಸಿದಾಗ ಕರಕರ ಶಬ್ದ ಬಂದರೆ, ಅಥವಾ ಒಂದು ಕಿವಿಯ ಧ್ವನಿ ನಿಂತರೆ, ಲೋಹದ ಸಂಪರ್ಕ ಸಡಿಲವಾಗಿದೆಯೆಂದು ತಿಳಿಯಬಹುದು.

ಬ್ಯಾಟರಿಯ ವಿಷಯ ಹಾಗಲ್ಲ. ಇದು ಲಿಥಿಯಮ್ ಅಯಾನು ಕೋಶ. ಇದರ ಬೆಳವಣಿಗೆಗಾಗಿ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಕೋಶದ ಒಂದು ಧ್ರುವದಲ್ಲಿ ಗ್ರಾಫೈಟೂ ಇನ್ನೊಂದರಲ್ಲಿ ಲಿಥಿಯಮ್ ಕೂಡಿದ ಲೋಹದ ಆಕ್ಸೈಡೂ ಇರುತ್ತವೆ. ಚಾರ್ಜು ಮಾಡುವಾಗ ಲಿಥಿಯಮ್ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಹಾಡು ಕೇಳುವಾಗ ಹಿಂದಿರುಗುತ್ತವೆ. ದಿನವೂ ಒಂದೂರಿನಿಂದ ಇನ್ನೊಂದೂರಿನ ಸಂತೆಗೆ ಹೋಗಿ ಬರುವ ಜನರಿಗೆ ಇವುಗಳನ್ನು ಹೋಲಿಸಬಹುದು. ಪ್ರತಿ ಸಲವೂ ಕೆಲವರು ಹಿಂದಿರುಗದೆ ದಾರಿಯಲ್ಲಿಯೇ ನೆಲೆಸಿಬಿಟ್ಟರೆ ಸಂತೆಗೆ ಬರುವವರ ಸಂಖ್ಯೆ ಬರಬರುತ್ತ ಇಳಿಯುವುದಲ್ಲವೆ? ಕೋಶದಲ್ಲಿಯೂ ಹಾಗೆಯೇ. ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಬೆಳೆಯುತ್ತ ಹೋಗಿ, ಅದರಲ್ಲಿ ಸ್ವಲ್ಪಸ್ವಲ್ಪವಾಗಿ ಲಿಥಿಯಮ್ ಸಿಕ್ಕಿಬೀಳುತ್ತದೆ. ಹೀಗೆ ನಾಲ್ಕೈದು ನೂರು ಸಲ ಪೂರ್ಣವಾಗಿ ತುಂಬಿ ಬರಿದಾಗುವುದರೊಳಗೆ ಕೋಶದ ಧಾರಣಶಕ್ತಿಯು ಸಾಮಾನ್ಯವಾಗಿ ಮೊದಲಿನ 80 ಪಾಲಿನ ಸುಮಾರಿಗೆ ಇಳಿಯುತ್ತದೆ.

ಕೋಶವನ್ನು ಉಪಯೋಗಿಸದೆ ಸುಮ್ಮನೆ ಇಟ್ಟರೂ ಈ ಪೊರೆ ಬೆಳೆಯುವುದು ನಿಲ್ಲುವುದಿಲ್ಲ; ಶಾಖವಿದ್ದಲ್ಲಿ ಇನ್ನೂ ಬೇಗ ಬೆಳೆಯುತ್ತದೆ. ‘ಹೊಸ ಬ್ಯಾಟರಿ ಹಾಕಿದೆ’ ಎಂದು ವ್ಯಾಪಾರಿಯು ಹೇಳಿದರೆ ಅದು ಎಂದು ತಯಾರಾಯಿತೆಂಬುದನ್ನೂ ಕೇಳಬೇಕಾಗುವುದು ಇದರಿಂದಲೇ. ಹತ್ತು ವರ್ಷ ಉಗ್ರಾಣದಲ್ಲಿ ಬಿದ್ದಿದ್ದ ಕೋಶವು ಯಾರೂ ಬಳಸದಿದ್ದರೂ ಹಳೆಯದೇ ಸರಿ.

ಈ ಮುಪ್ಪು ಒಮ್ಮೆ ದೊಡ್ಡ ವಿವಾದಕ್ಕೂ ಕಾರಣವಾಯಿತು. ಮೊದಮೊದಲಿನ ಐಪಾಡುಗಳಲ್ಲಿ ಬ್ಯಾಟರಿಯನ್ನು ಬಳಕೆದಾರರು ಸುಲಭವಾಗಿ ಬದಲಾಯಿಸುವಂತಿರಲಿಲ್ಲ. 2003ರಲ್ಲಿ ನೈಸ್ಟಾಟ್ ಸಹೋದರರೆಂಬ ಅಮೆರಿಕದ ಇಬ್ಬರು ಯುವಕರು ಇದನ್ನು ಖಂಡಿಸಿ ಒಂದು ಕಿರುಚಿತ್ರವನ್ನು ಮಾಡಿ ಹಂಚಿದರು. ಅದೇ ವರ್ಷ ಆಪಲ್ ಸಂಸ್ಥೆಯು 99 ಡಾಲರುಗಳಿಗೆ ಬ್ಯಾಟರಿ ಬದಲಾಯಿಸಿಕೊಡುವ ಏರ್ಪಾಡನ್ನು ಪ್ರಕಟಿಸಿತು. ಬ್ಯಾಟರಿಯ ಆಯುಷ್ಯದ ಬಗೆಗೆ ಗ್ರಾಹಕರು ಹೂಡಿದ ದಾವೆಯು 2005ರಲ್ಲಿ ರಾಜಿಯಾಯಿತು. ಬ್ಯಾಟರಿಯಲ್ಲಿ ಅಪಾಯವೂ ಉಂಟು. 2005ರ ಸೆಪ್ಟೆಂಬರಿನಿಂದ 2006ರ ಡಿಸೆಂಬರಿನವರೆಗೆ ಮಾರಾಟವಾದ ಮೊದಲನೆಯ ‘ನ್ಯಾನೊ’ ಮಾದರಿಯ ಕೆಲವು ಯಂತ್ರಗಳಲ್ಲಿ ಬ್ಯಾಟರಿಯು ಅತಿಯಾಗಿ ಕಾಯುವ ಸಂಭವವಿದ್ದುದರಿಂದ, 2011ರಲ್ಲಿ ಆ ಸಂಸ್ಥೆಯೇ ಅವುಗಳನ್ನು ಹಿಂದಕ್ಕೆ ಪಡೆದು ಬದಲಿ ಕೊಡುವುದಾಗಿ ಪ್ರಕಟಿಸಿತು. ಆ ಕಾಲದ ನ್ಯಾನೊ ಇಂದು ಎಷ್ಟೇ ಅಗ್ಗವಾಗಿ ದೊರೆತರೂ ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

ಇನ್ನು ಭಂಡಾರದ ಮಾತು. ಕ್ಲಾಸಿಕ್ ಮಾದರಿಯಲ್ಲಿ ಹಾಡುಗಳಿರುವುದು ಒಂದು ಪುಟ್ಟ ಕಾಂತೀಯ ತಟ್ಟೆಯ ಮೇಲೆ. ಈ ಬಗೆಯ ತಟ್ಟೆಗಳು ನಿಮಿಷಕ್ಕೆ 4,200 ಸುತ್ತು, ಎಂದರೆ ಸೆಕೆಂಡಿಗೆ 70 ಸುತ್ತು ತಿರುಗುತ್ತವೆ. ಅಂಕಗಳನ್ನು ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ಗಾಳಿಯ ತೆಳುವಾದ ಪದರದ ಮೇಲೆ ತೇಲುತ್ತದೆ. ಇವೆರಡರ ನಡುವಣ ಅಂತರವು ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ತಟ್ಟೆ ತಿರುಗುತ್ತಿರುವಾಗ ಯಂತ್ರ ಕೈಜಾರಿ ಬಿದ್ದರೆ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಆದುದರಿಂದಲೇ ಯಂತ್ರವು ಸ್ವಲ್ಪಕಾಲಕ್ಕೆ ಬೇಕಾದ ಹಾಡುಗಳನ್ನು ಒಮ್ಮೆಗೇ ಓದಿ ವಿದ್ಯುತ್ ಸ್ಮೃತಿಯಲ್ಲಿ ಇಟ್ಟುಕೊಂಡು ತಟ್ಟೆಯನ್ನು ನಿಲ್ಲಿಸಿಬಿಡುತ್ತದೆ. ಇದರಿಂದ ಸವೆತವೂ ಕಡಿಮೆ, ಬ್ಯಾಟರಿಯ ಖರ್ಚೂ ಕಡಿಮೆ. ಆದರೂ ಚಲಿಸುವ ಅಂಗ ಚಲಿಸುವ ಅಂಗವೇ. ಒಂದಲ್ಲ ಒಂದು ದಿನ ಸವೆಯಲೇಬೇಕು. ಕ್ಲಾಸಿಕ್ ಮಾದರಿಯನ್ನು ನಿಲ್ಲಿಸಿದುದಕ್ಕೆ ಅದರ ಭಾಗಗಳು ದೊರೆಯದಿರುವುದೇ ಕಾರಣವೆಂದು ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ 2014ರಲ್ಲಿ ಹೇಳಿದರು.

ಈಗ ಅನೇಕ ಕುಶಲಿಗಳು ತಟ್ಟೆಯನ್ನು ತೆಗೆದು ಅದರ ಸ್ಥಳದಲ್ಲಿ ಮೆಮೊರಿ ಕಾರ್ಡನ್ನು ಜೋಡಿಸುತ್ತಾರೆ. ಇದರಲ್ಲಿ ಅಂಕಗಳು ಇಲೆಕ್ಟ್ರಾನುಗಳ ರೂಪದಲ್ಲಿ ನಿರೋಧಕದ ಗೋಡೆಗಳ ನಡುವೆ ಬಂಧಿಯಾಗಿರುತ್ತವೆ. ತಿರುಗುವುದು, ಸವೆಯುವುದು ಏನೂ ಇಲ್ಲ. ಮತ್ತೆ ಮತ್ತೆ ಅಳಿಸಿ ಬರೆದರೆ ನಿರೋಧಕವು ಕೆಡುತ್ತದೆಂಬುದು ನಿಜ. ಆದರೆ ಹಾಡನ್ನು ಬರೆಯುವುದು ಒಮ್ಮೆ, ಕೇಳುವುದು ನೂರಾರು ಸಲ. ಹೀಗಾಗಿ ಈ ಕೆಲಸಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಇಂಥ ಬದಲಾವಣೆಯನ್ನು ಒಳ್ಳೆಯ ಕೋಶದೊಡನೆ ಮಾಡಿದ್ದರೆ ಅದೇ ನಿಜವಾದ ಕಲಾಯಿ.

ಈಗ ಪರೀಕ್ಷೆಗೆ ಬರೋಣ. ಕೊಳ್ಳುವ ಮೊದಲೇ, ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆಯೆಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಆ ದಿನಗಳೇ ನಮ್ಮ ಪ್ರಯೋಗಶಾಲೆ. ಮೊದಲು ಯಂತ್ರವನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ನೋಡಬೇಕು. ಬೆನ್ನು ಉಬ್ಬಿ ಅಲ್ಲಾಡುತ್ತಿದ್ದರೆ, ಅಥವಾ ಮುಂದಿನ ಫಲಕ ಮೇಲೆದ್ದಿದ್ದರೆ, ಕೋಶದೊಳಗೆ ಅನಿಲ ತುಂಬಿರಬಹುದು. ಅಂಥದನ್ನು ಚಾರ್ಜು ಮಾಡಲೂ ಬಾರದು, ಚುಚ್ಚಿ ಬಿಚ್ಚಲೂ ಬಾರದು, ಕೂಡಲೆ ಹಿಂದಿರುಗಿಸಬೇಕು.

ಎರಡನೆಯದಾಗಿ, ಕೋಶವನ್ನು ಪೂರ್ಣವಾಗಿ ತುಂಬಿ, ಫಲಕದ ದೀಪವನ್ನು ಆರಿಸಿ, ಇಯರ್‌ಫೋನನ್ನು ಸಿಕ್ಕಿಸಿ, ಮಧ್ಯಮ ಧ್ವನಿಯಲ್ಲಿ ಎಡೆಬಿಡದೆ ಹಾಡಿಸಬೇಕು. ಆರಂಭದ ಮತ್ತು ಕೊನೆಯ ವೇಳೆಗಳನ್ನು ಗುರುತುಹಾಕಿಕೊಳ್ಳಬೇಕು. 2009ರ ಕ್ಲಾಸಿಕ್ ಮಾದರಿಯು ಹೊಸದಾಗಿದ್ದಾಗ 36 ಗಂಟೆಗಳವರೆಗೆ ಹಾಡುವುದೆಂದು ತಯಾರಕರು ಹೇಳಿದ್ದರು. ನಮ್ಮ ಕೈಯಲ್ಲಿರುವುದು 29 ಗಂಟೆ ಹಾಡಿದರೆ ಕೋಶದಲ್ಲಿ ಸುಮಾರು 80 ಪಾಲು ಉಳಿದಿದೆಯೆಂದಾಯಿತು. 18 ಗಂಟೆಗೇ ನಿಂತರೆ ಅರ್ಧ ಹೋಗಿದೆ. ಮೆಮೊರಿ ಕಾರ್ಡು ಜೋಡಿಸಿದ ಯಂತ್ರದಲ್ಲಿ ಶಕ್ತಿಯ ಖರ್ಚು ಬೇರೆಯಾಗಿರುವುದರಿಂದ ಈ ಹೋಲಿಕೆ ನೇರವಾಗಿ ಅನ್ವಯಿಸುವುದಿಲ್ಲ. ಮೂರನೆಯದಾಗಿ, ಭಂಡಾರವನ್ನು ಅಂಚಿನವರೆಗೂ ಹಾಡುಗಳಿಂದ ತುಂಬಿ, ಅಲ್ಲಲ್ಲಿ ಆರಿಸಿ ಕೇಳಬೇಕು. ದೋಷವು ಸಾಮಾನ್ಯವಾಗಿ ಬಳಕೆಗೆ ಬಾರದ ಮೂಲೆಯಲ್ಲಿ ಅಡಗಿರಬಹುದು. ಮೌನದಲ್ಲಿ ಯಂತ್ರವನ್ನು ಕಿವಿಗೆ ಹಿಡಿದಾಗ ಮತ್ತೆ ಮತ್ತೆ ‘ಟಕ್ ಟಕ್’ ಎಂದು ಕೇಳಿಸಿದರೆ ತಟ್ಟೆಯ ದಿನಗಳು ಮುಗಿಯುತ್ತ ಬಂದಿವೆಯೆಂದು ತಿಳಿಯಬೇಕು.

ಕೊನೆಯದಾಗಿ ಬೆಲೆಯ ಲೆಕ್ಕ. ಚೆನ್ನಾಗಿ ದುರಸ್ತಿಯಾದ ಒಂದು ಯಂತ್ರದ ಬೆಲೆ ನೂರು ಎಂದಿಟ್ಟುಕೊಳ್ಳೋಣ. ಅದೇ ಮಾದರಿಯನ್ನು ಇನ್ನೊಬ್ಬರು ಅರವತ್ತಕ್ಕೆ ಕೊಡುತ್ತಾರೆ. ನಲವತ್ತು ಉಳಿಯಿತೆಂದು ಹಿಗ್ಗುವ ಮೊದಲು ಒಳಗಿನ ಕೋಶ ಹಳೆಯದೆ ಎಂದು ಕೇಳಬೇಕು. ಕೋಶಕ್ಕೂ ಕೂಲಿಗೂ ಇಪ್ಪತ್ತೈದು ಬಿದ್ದರೆ ಉಳಿತಾಯ ಹದಿನೈದೇ. ತಟ್ಟೆಯನ್ನೂ ಬದಲಾಯಿಸಬೇಕಾದರೆ ಆ ಹದಿನೈದೂ ಹೋಗಿ ಕೈಯಿಂದ ಕೊಡಬೇಕಾದೀತು. ಚೀಟಿಯ ಮೇಲಿನ ಬೆಲೆಗೆ, ಮುಪ್ಪಾದ ಭಾಗಗಳನ್ನು ಬದಲಾಯಿಸುವ ವೆಚ್ಚವನ್ನು ಕೂಡಿಸಿದಾಗ ಬರುವುದೇ ನಿಜವಾದ ಬೆಲೆ. ಹೊರಗಿನ ಗೀರುಗಳಿಗಾಗಿ ಬೆಲೆ ಇಳಿಸಿದ್ದರೆ ಮಾತ್ರ ಅದು ಕೊಳ್ಳುವವರಿಗೆ ಲಾಭ. ಗೀರಿನಿಂದ ರಾಗ ಕೆಡುವುದಿಲ್ಲ.

ಹೀಗೆ ಲೆಕ್ಕ ಹಾಕಿ ಕೊಂಡರೆ ಹಣವೂ ಉಳಿಯುತ್ತದೆ, ಇನ್ನೂ ದುಡಿಯಬಲ್ಲ ಒಂದು ವಿದ್ಯುನ್ಮಂಡಲವು ಕಸದ ಪಾಲಾಗುವುದೂ ತಪ್ಪುತ್ತದೆ. ಒಂದು ಚೂರು ಸತ್ತ ಕೋಶಕ್ಕಾಗಿ ಇಡೀ ಯಂತ್ರವನ್ನು ಎಸೆಯುವುದು, ಬತ್ತಿ ಸುಟ್ಟಿತೆಂದು ದೀಪದ ಕಂಬವನ್ನೇ ಎಸೆದಂತೆ. ತೆಗೆದ ಹಳೆಯ ಕೋಶವನ್ನು ಮಾತ್ರ ಮನೆಯ ಕಸದೊಡನೆ ಸೇರಿಸಬಾರದು. ಬ್ಯಾಟರಿಗಳ ತ್ಯಾಜ್ಯಕ್ಕೆ ನಮ್ಮ ದೇಶದಲ್ಲಿ 2022ರಲ್ಲಿ ಪ್ರತ್ಯೇಕ ನಿಯಮಗಳಾಗಿವೆ. ಅದನ್ನು ಸಂಗ್ರಹಿಸುವವರಿಗೇ ಒಪ್ಪಿಸಬೇಕು. ಅಗ್ಗದ ಸರಕು ಮುಂದೆ ಬಂದಾಗ ‘ಇದರಲ್ಲಿ ಮುಪ್ಪಾಗುವ ಭಾಗ ಯಾವುದು? ಅದನ್ನು ಬದಲಾಯಿಸಿದ್ದಾರೆಯೆ?’ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಾದರೆ, ಸಂಗೀತಯಂತ್ರಕ್ಕೆ ಮಾತ್ರವಲ್ಲ, ಮುಂದೆ ಕೊಳ್ಳುವ ಸೈಕಲ್ಲು, ಗಣಕಯಂತ್ರ, ಮೋಟಾರು ಎಲ್ಲಕ್ಕೂ ಅದು ಉಪಯೋಗಕ್ಕೆ ಬರುತ್ತದೆ.