ರೋಲರ್ ಮೇಲೆ ಪೋರ್ಷೆ ಟರ್ಬೊ
ಇದು 1978ರ ಪೋರ್ಷೆ 911 ಟರ್ಬೊ, ಯುರೋಪಿನ ಮಾದರಿ. 3.3 ಲೀಟರ್ ಎಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಕಂಪನಿ ಕೊಟ್ಟ ಲೆಕ್ಕ 300 ಅಶ್ವಶಕ್ತಿ.

ಶಕ್ತಿ ಅಳೆಯುವ ಡೈನೊ ರೋಲರ್ ಮೇಲೆ ಕಾರನ್ನು ಬಿಗಿದು ಕಟ್ಟಿದ ಮೇಲೆ ದೊಡ್ಡ ಫ್ಯಾನನ್ನು ಹಿಂಬದಿಗೂ ಇಡಬೇಕು. ಈ ಎಂಜಿನ್ ತಣಿಯುವುದು ಗಾಳಿಯಿಂದ. ಇಂಟರ್‌ಕೂಲರ್ ಕೂಡ ಹಿಂದಿನ ಸ್ಪಾಯ್ಲರ್ ಕೆಳಗೇ ಇದೆ. ಅದು ಕಾದರೆ ಶಕ್ತಿ ಇಳಿಯುತ್ತದೆ.

ಈಗ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾರೆ. ಪರದೆಯ ಮೇಲಿನ ಟಾರ್ಕ್ ಗೆರೆ ಮೊದಲು ಮೆಲ್ಲಗೆ ಏರುತ್ತದೆ. ಎಕ್ಸಾಸ್ಟ್ ಅನಿಲ ಟರ್ಬೊವನ್ನು ಜೋರಾಗಿ ತಿರುಗಿಸಿದ್ದೇ ತಡ, ಟಾರ್ಕ್ ಚಿಮ್ಮುತ್ತದೆ! ತಿರುವುಗಳಲ್ಲಿ ಚಾಲಕರನ್ನು ಬೆಚ್ಚಿಬೀಳಿಸಿದ್ದು ಈ ಜಿಗಿತವೇ. ಗರಿಷ್ಠ ಅಂಕಿಗಿಂತ ನನಗೆ ಈ ಗೆರೆಯ ಆಕಾರವೇ ಮುಖ್ಯ.

ಪರದೆಯಲ್ಲಿ 300 ಕಾಣದಿದ್ದರೆ ಗಾಬರಿ ಬೇಡ. ಕಂಪನಿ ಅಳೆದದ್ದು ಎಂಜಿನ್ನಿನಲ್ಲಿ, ರೋಲರ್ ಅಳೆಯುವುದು ಚಕ್ರದಲ್ಲಿ. ಯಾರಾದರೂ ಡೈನೊ ವರದಿ ತೋರಿಸಿದರೆ, ಅದು ಯಾವ ಲೆಕ್ಕವೆಂದು ಮೊದಲು ಕೇಳಿ.